‘ಸ್ವಾಮಿ’ಯ ಪಾತ್ರ ಮಾಡಿದ ಹುಡುಗ ಮತ್ತು ನಮ್ಮ ಮನೆಯ ಮಕ್ಕಳು

ಕಳೆದ ಜೂನ್ ತಿಂಗಳ ಒಂದು ಬೆಳಿಗ್ಗೆ ಸಂಘದ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೇ ಹೊಳಲ್ಕೆರೆ ತಾಲ್ಲೂಕಿನ ಸದಸ್ಯರೊಬ್ಬರು ಬಂದು ಜಗಲಿಯ ಮೇಲೆ ಕುಳಿತಿದ್ದರು. ಕೊಯ್ಲಿಗೆ ಇನ್ನೂ ಎರಡು ತಿಂಗಳಿರುವಾಗ ಮುಂಗಡ ಕೇಳಲು ಬರುವವರು ಹೇಳುವ ಕಾರಣಗಳು ನಮಗೆ ಬಾಯಿಪಾಠವಾಗಿವೆ. ಬೋರ್‌ವೆಲ್ ಬತ್ತಿತು, ಮೋಟಾರು ಸುಟ್ಟಿತು, ಮಗಳ ಮದುವೆ ಗೊತ್ತಾಯಿತು ಎಂಬುವೇ ಅವು. ಇವರು ಹೇಳಿದ ಕಾರಣ ಮಾತ್ರ ನಾವು ಈ ಕುರ್ಚಿಯಲ್ಲಿ ಕುಳಿತಂದಿನಿಂದ ಕೇಳದಿದ್ದದ್ದು.

“ಸೆಕ್ರೆಟ್ರಿ ಸಾರ್, ಹುಡುಗುನ್ನ ಸೀರಿಯಲ್ಲಿಗೆ ಹಾಕ್ತಾ ಇದೀವಿ. ಒಂದೂವರೆ ಲಕ್ಷ ಬೇಕಾಗೈತೆ. ಅಡಿಕೆ ಬಂದಾಗ ಮುರ್ಕೊಳ್ಳಿ.”

ಹುಡುಗನಿಗೆ ಹನ್ನೊಂದು ವರ್ಷ, ಆರನೆಯ ತರಗತಿ. ಶಾಲಾ ವಾರ್ಷಿಕೋತ್ಸವದಲ್ಲಿ ಮದಕರಿ ನಾಯಕನ ಪಾತ್ರ ಮಾಡಿ ಎಲ್ಲರಿಂದ ಸೈ ಎನ್ನಿಸಿಕೊಂಡಿದ್ದ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು, ಅದು ಊರೂರು ಸುತ್ತಿತು. ಹದಿನೈದು ದಿನದಲ್ಲಿ ಬೆಂಗಳೂರಿನಿಂದ ಒಂದು ಕರೆ ಬಂತು. ನಾಯಕನ ಬಾಲ್ಯದ ಪಾತ್ರ ನಿಮ್ಮ ಹುಡುಗನಿಗೇ ಎಂದು ನಿಶ್ಚಯವಾಗಿದೆ, ಫೋಟೋ, ತರಬೇತಿ, ಕಾರ್ಡು ಎಂದು ಇಷ್ಟು ಖರ್ಚಿದೆ, ಇಪ್ಪತ್ತು ಸಾವಿರ ಮೊದಲು ಕಳಿಸಿ ಎಂದು. ಸದಸ್ಯರು ಆ ಇಪ್ಪತ್ತು ಸಾವಿರವನ್ನು ಕಳಿಸಿಯೂ ಆಗಿತ್ತು.

ಬೆಳೆಯ ಮೇಲಿನ ಮುಂಗಡ ಬೆಳೆಗೇ ಹೊರತು ಇಂಥದಕ್ಕಲ್ಲ ಎಂದು ಉಪನಿಯಮ ತೋರಿಸಿ ಅವರನ್ನು ಕಳಿಸಿಬಿಡಬಹುದಿತ್ತು. ಆದರೆ ಎದ್ದು ಹೋಗುವಾಗ ಅವರು ಒಂದು ಮಾತು ಕೇಳಿದರು: “ಹಂಗಾದ್ರೆ ಟೀವಿಯಾಗೆ ಕಾಣೋ ಮಕ್ಕಳೆಲ್ಲ ಎಲ್ಲಿಂದ ಬರ್ತಾವೆ ಸಾರ್? ಆಮೇಲೆ ಏನಾಗ್ತಾವೆ?” ಆ ಪ್ರಶ್ನೆಗೆ ಉಪನಿಯಮದಲ್ಲಿ ಉತ್ತರವಿಲ್ಲ. ಅದಕ್ಕಾಗಿ ಈ ಸಂಚಿಕೆಯಲ್ಲಿ ಧಾರಣೆ, ಗೊಬ್ಬರಗಳ ವಿಚಾರ ಬದಿಗಿಟ್ಟು ಕಿರುತೆರೆಯ ಒಬ್ಬ ಬಾಲನಟನ ಕತೆ ಹೇಳಲು ಹೊರಟಿದ್ದೇವೆ. ಸದಸ್ಯ ಬಾಂಧವರು ಮನ್ನಿಸಬೇಕು.

ಆಗುಂಬೆಯ ಮಾಲ್ಗುಡಿ

ಐವತ್ತು ದಾಟಿದ ಸದಸ್ಯರಿಗೆ ‘ಮಾಲ್ಗುಡಿ ಡೇಸ್’ ನೆನಪಿಲ್ಲದೆ ಇರಲಾರದು. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಆಧರಿಸಿ, ಟಿ.ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ, ಶಂಕರ್‌ನಾಗ್ ನಿರ್ದೇಶಿಸಿದ ಆ ಧಾರಾವಾಹಿ 1986ರಲ್ಲಿ ದೂರದರ್ಶನದಲ್ಲಿ ಆರಂಭವಾಯಿತು. ಆಗ ನಾವು ಕಾಲೇಜು ಓದುವ ಹುಡುಗರು. ಇಡೀ ಬೀದಿಗೆ ಒಂದೇ ಟೀವಿ. ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಹತ್ತು ಜನ “ಬಂತು, ಬಂತು, ಹೋಯ್ತು” ಎಂದು ಕೂಗುವುದು. ಭಾಷೆ ಹಿಂದಿ. ನಮ್ಮಲ್ಲಿ ಅರ್ಧ ಜನಕ್ಕೆ ಅದು ತಿಳಿಯುತ್ತಿರಲಿಲ್ಲ. ಆದರೂ ಎಲ್.ವೈದ್ಯನಾಥನ್ ಅವರ ಆ ಶೀರ್ಷಿಕೆ ಸಂಗೀತ ಬಂದರೆ ಸಾಕು, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಕಂಡರೆ ಸಾಕು, ಕಣದಲ್ಲಿದ್ದವರೂ ಕೆಲಸ ಬಿಟ್ಟು ಬರುತ್ತಿದ್ದರು.

ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲದ ಊರು. ಅದಕ್ಕೆ ಮೈ ಕೊಟ್ಟದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ಹಿರಿಯೂರಿನ ಕಡೆ ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆಯಾದರೆ ದೇವರಿಗೆ ಕಾಯಿ ಒಡೆಯುವ ನಮಗೆ, ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಆ ಊರು ಬೇರೆ ಲೋಕವೇ ಸರಿ. ಅಲ್ಲಿನ ‘ದೊಡ್ಡಮನೆ’ಯ ಕಂಬ, ಅಂಗಳ, ಮಾಡುಗಳು ಸ್ವಾಮಿಯ ಮನೆಯಾದವು. ಚಿತ್ರೀಕರಣಕ್ಕೆ ಬಳಸಿದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದ್ದಾರೆ. ಶಿವಮೊಗ್ಗದ ಕಡೆ ಮಂಡಿಗೆ ಹೋಗುವ ಸದಸ್ಯರು ಬಿಡುವಿದ್ದರೆ ಒಮ್ಮೆ ನೋಡಿ ಬರಬಹುದು.

ಆರಂಭದ ಕಂತುಗಳು ನಾರಾಯಣ್ ಅವರ ಮೊದಲ ಕಾದಂಬರಿ, 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕತೆಯವು. ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಇಬ್ಬರೂ ರಂಗಭೂಮಿಯಲ್ಲಿ ಪಳಗಿದವರು. ಅವರ ನಡುವೆ, ಗಣಿತ ಎಂದರೆ ಹೆದರುವ, ಶಾಲೆ ತಪ್ಪಿಸಲು ನೆಪ ಹುಡುಕುವ, ಗೆಳೆಯನಿಗಾಗಿ ಕಣ್ಣೀರಿಡುವ ಸ್ವಾಮಿನಾಥನಾಗಿ ಬಂದವನು ಹತ್ತು ವರ್ಷದ ಆಸುಪಾಸಿನ ಒಬ್ಬ ಕನ್ನಡದ ಹುಡುಗ, ಮಾಸ್ಟರ್ ಮಂಜುನಾಥ್.

ಮೂರನೆಯ ವರ್ಷದಿಂದ

ಆ ಹುಡುಗ ಒಂದೇ ದಿನದಲ್ಲಿ ಸ್ವಾಮಿಯಾದವನಲ್ಲ. ಮಂಜುನಾಥ್ ಹುಟ್ಟಿದ್ದು 1976ರಲ್ಲಿ. ಕ್ಯಾಮೆರಾದ ಮುಂದೆ ನಿಂತದ್ದು ಮೂರನೆಯ ವಯಸ್ಸಿನಲ್ಲಿ. ಅಂದರೆ ಸ್ವಾಮಿಯ ಪಾತ್ರ ಸಿಗುವ ಹೊತ್ತಿಗೆ ಅವನ ಹಿಂದೆ ಆರೇಳು ವರ್ಷಗಳ ಅನುಭವವಿತ್ತು. ಒಟ್ಟು ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಹುಡುಗ ಅವನು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಈ ಲೆಕ್ಕ ಅರ್ಥವಾಗಬೇಕು. ನಾವು ನೋಡುವುದು ಗೊನೆಯನ್ನು. ಅದರ ಹಿಂದಿನ ವರ್ಷಗಳು ದಾರಿಹೋಕರಿಗೆ ಕಾಣುವುದಿಲ್ಲ.

ಆ ಕಂತುಗಳನ್ನು ಮತ್ತೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ಹುಡುಗ ದೊಡ್ಡವರ ಹಾಗೆ ಮಾತನಾಡುವುದಿಲ್ಲ. ದೊಡ್ಡವರ ಮಾತನ್ನು ಮಕ್ಕಳ ಬಾಯಿಗೆ ತುರುಕಿ ಚಪ್ಪಾಳೆ ಗಿಟ್ಟಿಸುವುದು ಇಂದಿನ ತೆರೆಯಲ್ಲಿ ಸಾಮಾನ್ಯವಾಗಿದೆ. ಸ್ವಾಮಿ ಹಾಗಲ್ಲ. ಅಪ್ಪ ಲೆಕ್ಕ ಕೇಳಿದಾಗ ಅವನ ಮುಖದಲ್ಲಿ ಬರುವುದು ನಿಜವಾದ ಮಗುವಿನ ಗೊಂದಲ. ಇದು ಹುಡುಗನ ಪ್ರತಿಭೆಯೂ ಹೌದು, ಅವನನ್ನು ಮಗುವಾಗಿಯೇ ಇರಗೊಟ್ಟ ನಿರ್ದೇಶಕರ ವಿವೇಕವೂ ಹೌದು. ಇದೇ ಕಂತುಗಳಿಂದ ಮೂಡಿದ ‘ಸ್ವಾಮಿ’ ಚಲನಚಿತ್ರಕ್ಕಾಗಿ ಮಂಜುನಾಥನಿಗೆ 1987ನೆಯ ಸಾಲಿನ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. 1990ರಲ್ಲಿ ತೆರೆಕಂಡ ಹಿಂದಿಯ ‘ಅಗ್ನಿಪಥ್’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅವರ ಬಾಲ್ಯದ ಪಾತ್ರ ಮಾಡಿದವನೂ ಇವನೇ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಜನ ಗುರುತಿಸುವ ಕನ್ನಡದ ಮುಖಗಳನ್ನು ಎಣಿಸಿದರೆ ಅಂದು ಈ ಹುಡುಗನದೂ ಒಂದು.

ಆನಗೋಡಿನ ಆ ಬೆಳಗು

ಇಲ್ಲಿ ಕತೆ ನಮ್ಮ ಜಿಲ್ಲೆಗೆ ಬರುತ್ತದೆ. ಬಾರದೆ ಇದ್ದರೆ ಚೆನ್ನಾಗಿತ್ತು.

1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕಾಗಿ ಲೋಕಾಪುರದ ಕಡೆಗೆ ಕಾರಿನಲ್ಲಿ ಹೊರಟಿದ್ದರು. ಜೊತೆಗೆ ಪತ್ನಿ ಅರುಂಧತಿ, ಪುಟ್ಟ ಮಗಳು. ಹಿರಿಯೂರು, ಚಿತ್ರದುರ್ಗಗಳನ್ನು ದಾಟಿ ದಾವಣಗೆರೆಗೆ ಹೋಗುವ ಹೆದ್ದಾರಿ ಆಗ ನಾಲ್ಕನೆಯ ನಂಬರಿನದು, ಈಗ 48. ಆ ದಾರಿಯ ಆನಗೋಡಿನ ಬಳಿ ಅಪಘಾತವಾಗಿ ಶಂಕರ್‌ನಾಗ್ ತೀರಿಕೊಂಡರು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದು ಆನಗೋಡು ಇದ್ದದ್ದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ. 1954ರ ನವೆಂಬರ್ 9ರಂದು ಹುಟ್ಟಿದ ಅವರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ‘ಒಂದಾನೊಂದು ಕಾಲದಲ್ಲಿ’ ಬಂದದ್ದು 1978ರಲ್ಲಿ. ಆಮೇಲಿನ ಹನ್ನೆರಡೇ ವರ್ಷಗಳಲ್ಲಿ ಅವರು ನಾಟಕ, ಚಿತ್ರ, ಧಾರಾವಾಹಿ, ಸ್ಟುಡಿಯೋ ಎಂದು ಮೂರು ಜನ್ಮದ ಕೆಲಸ ಮಾಡಿದ್ದರು. ಅವರ ನೆನಪಿನ ‘ರಂಗಶಂಕರ’ 2004ರಿಂದ ಬೆಂಗಳೂರಿನಲ್ಲಿ ನಾಟಕಗಳನ್ನು ನಡೆಸುತ್ತ ಬಂದಿದೆ.

ಅಂದು ನಮ್ಮ ಕಡೆಯ ಬಸ್‌ಸ್ಟ್ಯಾಂಡುಗಳಲ್ಲಿ ಆಟೋದವರು ಗಾಡಿ ನಿಲ್ಲಿಸಿ ಅತ್ತದ್ದನ್ನು ನೋಡಿದವರು ನಾವು. ಆಟೋಗಳ ಹಿಂದೆ ಶಂಕರಣ್ಣನ ಚಿತ್ರ ಇಂದಿಗೂ ಮಾಸಿಲ್ಲ. ಆದರೆ ಅಂದು ನಾವು ಯಾರೂ ಯೋಚಿಸದಿದ್ದ ಇನ್ನೊಬ್ಬನಿದ್ದ. ಸ್ವಾಮಿಯಾಗಿದ್ದ ಹುಡುಗನಿಗೆ ಆಗ ಹದಿಮೂರು ವರ್ಷ. ಅವನ ಕೈಯಲ್ಲಿ ಅಂಥ ಪಾತ್ರ ಮಾಡಿಸಿದವರು ನಮ್ಮ ರಸ್ತೆಯಲ್ಲಿ ಇಲ್ಲವಾಗಿದ್ದರು.

ಹತ್ತೊಂಬತ್ತಕ್ಕೆ ನಿಲ್ಲಿಸಿದ್ದು

ಬಾಲನಟನ ಕಷ್ಟ ಇತರ ನಟರಿಗಿಲ್ಲ. ಅವನು ಬೆಳೆಯುತ್ತಾನೆ, ಪಾತ್ರ ಬೆಳೆಯುವುದಿಲ್ಲ. ಮೀಸೆ ಮೂಡುತ್ತದೆ, ದನಿ ಒಡೆಯುತ್ತದೆ. ನೋಡುವ ನಾವೋ, “ಅಯ್ಯೋ, ಆ ಸ್ವಾಮಿಯ ಮುದ್ದು ಮುಖ ಈಗಿಲ್ಲ” ಎನ್ನುತ್ತೇವೆ. ಬಾಲ್ಯದ ಪಾತ್ರಕ್ಕೆ ದೊಡ್ಡವನಾದ, ನಾಯಕನ ಪಾತ್ರಕ್ಕೆ ಚಿಕ್ಕವನಾದ ಎಂಬ ಐದಾರು ವರ್ಷ ಪ್ರತಿ ಬಾಲನಟನಿಗೂ ಬರುತ್ತದೆ. ಆ ಹೊತ್ತಿನಲ್ಲಿ ಕೈಯಲ್ಲಿ ಬೇರೇನೂ ಇಲ್ಲದ ಮಕ್ಕಳು ನಿಂತ ನೀರಾಗುತ್ತಾರೆ.

ಮಂಜುನಾಥ್ ಅವರು ಹಾಗಾಗಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ನಟನೆ ನಿಲ್ಲಿಸಿದರು. ಓದು ಮುಂದುವರಿಸಿ ಸ್ನಾತಕೋತ್ತರ ಪದವಿ ಪಡೆದರು. ಬೆಂಗಳೂರು–ಮೈಸೂರು ಕಾರಿಡಾರ್ ರಸ್ತೆ ಯೋಜನೆಯಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಸೇರಿದರು. ದೇಶವೇ ಗುರುತಿಸುವ ಮುಖವನ್ನು ಹೊತ್ತುಕೊಂಡು ಒಂದು ಸಾಮಾನ್ಯ ಉದ್ಯೋಗಕ್ಕೆ ಹೋಗಿ ನಿಲ್ಲಲು ನಟನೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಧೈರ್ಯ ಬೇಕೆಂದು ನಮಗೆ ತೋರುತ್ತದೆ.

ಕೆಲವರು ಇದನ್ನು ‘ಪಾಪ, ಮುಂದೆ ಬರಲಿಲ್ಲ’ ಎಂದು ಹೇಳುವುದುಂಟು. ನಾವು ಹಾಗೆ ಭಾವಿಸುವುದಿಲ್ಲ. ಒಂದು ಕೆಲಸವನ್ನು ಅತ್ಯುತ್ತಮವಾಗಿ ಮಾಡಿ, ಅದು ಮುಗಿದಾಗ ಮುಗಿಯಿತೆಂದು ತಿಳಿದು ಇನ್ನೊಂದಕ್ಕೆ ಕೈ ಹಾಕಿದವರು ಸೋತವರಲ್ಲ. ಹಾಗೆ ಕೈ ಹಾಕಲು ಅವರಿಗೆ ಸಾಧ್ಯವಾದದ್ದು ಓದು ಇದ್ದದ್ದರಿಂದ. ನಮ್ಮ ಸದಸ್ಯರು ಗಮನಿಸಬೇಕಾದದ್ದು ಇದನ್ನೇ.

ತೋಟದಲ್ಲಿ ಎಳೆಯ ಅಡಿಕೆ ಸಸಿಗೆ ನಾವು ಏನು ಮಾಡುತ್ತೇವೆ? ನೇರ ಬಿಸಿಲು ತಾಗಿದರೆ ಸುಟ್ಟುಹೋಗುತ್ತದೆಂದು ಬಾಳೆ ನೆಟ್ಟು ನೆರಳು ಕೊಡುತ್ತೇವೆ. ಬಾಳೆ ತನ್ನ ಪಾಡಿಗೆ ಗೊನೆಯನ್ನೂ ಕೊಡುತ್ತದೆ, ಸಸಿಯನ್ನೂ ಕಾಯುತ್ತದೆ. ಕ್ಯಾಮೆರಾದ ದೀಪ ಅಂಥ ಬಿಸಿಲು. ಶಾಲೆ ಆ ಬಾಳೆ. ಬಾಳೆಯನ್ನು ಕಡಿದು ಸಸಿಗೆ ಬಿಸಿಲು ಬೇಕೆನ್ನುವ ರೈತ ನಮ್ಮಲ್ಲಿ ಯಾರೂ ಇಲ್ಲ.

ಇಂದಿನ ಕಿರುತೆರೆ

ಅಂದಿಗೂ ಇಂದಿಗೂ ಬಹಳ ವ್ಯತ್ಯಾಸವಾಗಿದೆ. ಆಗ ಇದ್ದದ್ದು ದೂರದರ್ಶನ ಒಂದೇ. ಒಂದು ಕತೆಗೆ ಇಂತಿಷ್ಟೇ ಕಂತು ಎಂಬ ಮಿತಿಯಿತ್ತು. 1994ರಲ್ಲಿ ಉದಯ ಟಿವಿ ಬಂತು. ಆನಂತರ ಒಂದೊಂದಾಗಿ ವಾಹಿನಿಗಳು ಬಂದವು. ಇಂದು ವಾರದಲ್ಲಿ ಐದಾರು ದಿನ ಪ್ರಸಾರವಾಗುವ ದೈನಿಕ ಧಾರಾವಾಹಿಗಳ ಕಾಲ. ದಿನಕ್ಕೊಂದು ಕಂತು ಹೊರಗೆ ಹೋಗಬೇಕಾದರೆ ದಿನವೂ ಒಂದು ಕಂತಿನಷ್ಟು ಒಳಗೆ ತಯಾರಾಗುತ್ತಲೇ ಇರಬೇಕು. ಹಾಗಾಗಿ ಬೆಳಗಿನಿಂದ ರಾತ್ರಿಯವರೆಗೆ ಚಿತ್ರೀಕರಣ. ಸಂಭಾವನೆ ಬಹುಮಟ್ಟಿಗೆ ದಿನದ ಲೆಕ್ಕ. ಕರೆದ ದಿನ ಉಂಟು, ಕರೆಯದ ದಿನ ಇಲ್ಲ. ದುಡಿದ ಹಣ ಕೈಸೇರಲು ತಿಂಗಳುಗಳೇ ಹಿಡಿಯುವುದೂ ಉಂಟು. ನೋಡುಗರ ಸಂಖ್ಯೆ, ಅವರು ಹೇಳುವ ಟಿ.ಆರ್.ಪಿ., ಇಳಿದರೆ ಕತೆಗೇ ಕತ್ತರಿ ಬೀಳುತ್ತದೆ. ನಾಯಕನ ಬಾಲ್ಯವನ್ನು ಕೆಲವು ವಾರ ತೋರಿಸಿ, ‘ಹದಿನೈದು ವರ್ಷಗಳ ನಂತರ’ ಎಂದು ಒಂದು ಸಾಲು ಹಾಕಿದರೆ ಬಾಲನಟನ ಕೆಲಸ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಹೇಳುವುದು ಯಾರನ್ನೂ ಹೆದರಿಸಲು ಅಲ್ಲ. ಅಡಿಕೆ ಧಾರಣೆಯ ಏರಿಳಿತ ಕಂಡ ನಮಗೆ, ಕಾಫಿಯ ಹೂಮಳೆ ಕೈಕೊಟ್ಟ ವರ್ಷ ಕಂಡ ಮಲೆನಾಡಿನ ಸದಸ್ಯರಿಗೆ ಅನಿಶ್ಚಯ ಹೊಸದಲ್ಲ. ಆದರೆ ನಮ್ಮ ಅನಿಶ್ಚಯಕ್ಕೆ ತಲೆ ಕೊಡುವವರು ವಯಸ್ಕರಾದ ನಾವು. ಅಲ್ಲಿ ತಲೆ ಕೊಡುವುದು ಹನ್ನೊಂದು ವರ್ಷದ ಮಗು.

ಕಾನೂನು ಏನು ಹೇಳುತ್ತದೆ

ಈ ಮಗುವಿಗೆ ಕಾನೂನಿನ ರಕ್ಷಣೆ ಇದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿದರೂ, ಕಲಾವಿದರಾಗಿ ಭಾಗವಹಿಸಲು ಷರತ್ತಿನ ಮೇಲೆ ಅವಕಾಶ ಕೊಟ್ಟಿದೆ. 2017ರ ನಿಯಮಗಳಲ್ಲಿ ಆ ಷರತ್ತುಗಳು ಸ್ಪಷ್ಟವಾಗಿವೆ. ಮುಖ್ಯವಾದವನ್ನು ಇಲ್ಲಿ ಕೊಡುತ್ತೇವೆ. ಸದಸ್ಯರು ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಮಗುವನ್ನು ಬಳಸಿಕೊಳ್ಳುವ ನಿರ್ಮಾಪಕರು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳಿಂದ ಮೊದಲೇ ಅನುಮತಿ ಪಡೆದಿರಬೇಕು. ತಂದೆತಾಯಿಗಳ ಒಪ್ಪಿಗೆ ಬೇಕು. ಮಗುವಿಗೆ ಇಷ್ಟವಿಲ್ಲದೆ ಮಾಡಿಸುವಂತಿಲ್ಲ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ಇಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ಇಲ್ಲ. ಓದು ನಿಲ್ಲದಂತೆ ನಿರ್ಮಾಪಕರೇ ವ್ಯವಸ್ಥೆ ಮಾಡಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತವರು ಇರಬೇಕು. ಮಗು ಗಳಿಸಿದ ಹಣದಲ್ಲಿ ಕನಿಷ್ಠ ಶೇಕಡಾ 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿಯಾಗಬೇಕು. ಪ್ರಾಯಕ್ಕೆ ಬಂದ ಮೇಲೆ ಅದು ಮಗುವಿಗೆ ಸೇರತಕ್ಕದ್ದು.

ಇದನ್ನೆಲ್ಲ ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಈ ವ್ಯವಹಾರದಲ್ಲಿ ಹಣ ಹರಿಯಬೇಕಾದದ್ದು ನಿರ್ಮಾಪಕರ ಕಡೆಯಿಂದ ಮಗುವಿನ ಕಡೆಗೆ. ಅದು ತಿರುಗಿ ನಮ್ಮ ಜೇಬಿನಿಂದ ಆ ಕಡೆಗೆ ಹರಿಯುತ್ತಿದೆ ಎಂದರೆ ಅಲ್ಲಿ ಪಾತ್ರವೂ ಇಲ್ಲ, ಧಾರಾವಾಹಿಯೂ ಇಲ್ಲ. ಕೂಲಿಗೆ ಕರೆದವನು ಕೂಲಿಯವನಿಂದಲೇ ಹಣ ಕೇಳಿದ ಹಾಗೆ.

ಕಲಿಯುವುದಾದರೆ

ಹಾಗಾದರೆ ಹಳ್ಳಿಯ ಮಕ್ಕಳು ನಟರಾಗಬಾರದೇ ಎಂದು ಕೇಳಬಹುದು. ಖಂಡಿತ ಆಗಬಹುದು. ಕಲಿಯುವ ಜಾಗಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಯೂ ಇಲ್ಲ. ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಕಟ್ಟಿದ ಶಿವಕುಮಾರ ಕಲಾಸಂಘವಿದೆ. ಅದರ ‘ಶಿವಸಂಚಾರ’ ತಂಡ 1997ರಿಂದ ಊರೂರು ತಿರುಗಿ ನಾಟಕವಾಡುತ್ತಿದೆ. ರಂಗಶಿಕ್ಷಣದ ಶಾಲೆಯೂ ಅಲ್ಲಿದೆ. ನವೆಂಬರ್ ತಿಂಗಳ ನಾಟಕೋತ್ಸವಕ್ಕೆ ಸುತ್ತಲಿನ ರೈತರು ಊಟ ಮುಗಿಸಿಕೊಂಡು, ಕಂಬಳಿ ಹೊದ್ದು ಬಂದು ಬಯಲು ರಂಗಮಂದಿರದ ಮೆಟ್ಟಿಲುಗಳಲ್ಲಿ ಕೂರುತ್ತಾರೆ.

ಇನ್ನು ಸಾಗರ ತಾಲ್ಲೂಕಿನ ಹೆಗ್ಗೋಡು. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಅನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ನಮ್ಮ ಹಾಗೆ ಅಡಿಕೆ ಬೆಳೆಗಾರರು. ಗೊನೆ ಕೊಯ್ಯಿಸಿ, ಅಡಿಕೆ ಸುಲಿಸಿ, ಆ ನಡುವೆಯೇ 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭಿಸಿದವರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂದು ಕಿರುತೆರೆಯಲ್ಲಿ ಹೆಸರು ಮಾಡಿರುವ ಹಲವರು ಅಲ್ಲಿ ಕಸ ಗುಡಿಸಿ, ರಂಗಸಜ್ಜಿಕೆ ಹೊತ್ತು, ಮಾತು ಕಲಿತು ಬಂದವರು. ಅಡಿಕೆ ತೋಟದ ನಡುವೆಯೇ ಅಂಥ ಶಾಲೆ ಎದ್ದಿರುವಾಗ ಅಡಿಕೆಯವರ ಮಕ್ಕಳು ಯಾರೋ ಫೋನಿನಲ್ಲಿ ಹೇಳಿದ ಮಾತಿಗೆ ಹಣ ಸುರಿಯುವುದು ನಾಚಿಕೆಯ ವಿಚಾರ. ಶಾಲೆಯ ಓದು ಮುಗಿಯಲಿ, ಆಮೇಲೂ ಆಸೆ ಉಳಿದಿದ್ದರೆ ಇಂಥ ಕಡೆ ಕಳಿಸಿ. ಆಗ ಮುಂಗಡ ಕೇಳಲು ಬಂದರೆ ಆಡಳಿತ ಮಂಡಳಿಯ ಮುಂದೆ ನಾವೇ ವಕಾಲತ್ತು ವಹಿಸುತ್ತೇವೆ.

ಆ ಸದಸ್ಯರ ಕತೆ

ಅಂದು ನಾವು ಆ ಸದಸ್ಯರನ್ನು ಕೂರಿಸಿಕೊಂಡು, ಅವರ ಮೊಬೈಲಿನಿಂದಲೇ ಆ ಬೆಂಗಳೂರಿನವರಿಗೆ ಫೋನ್ ಮಾಡಿಸಿದೆವು. ಯಾವ ವಾಹಿನಿ, ಯಾವ ನಿರ್ಮಾಪಕರು ಎಂದು ಕೇಳಿದಾಗ ಸಿಹಿ ಮಾತಿನ ಉತ್ತರ ಬಂತು. ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪತ್ರದ ಪ್ರತಿ ಕಳಿಸಿ ಎಂದಾಗ ಫೋನ್ ಕಡಿಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಸದಸ್ಯರು ಬಹಳ ಹೊತ್ತು ಮಾತನಾಡಲಿಲ್ಲ. ಹಣ ಹೋದದ್ದಕ್ಕಿಂತ ಹುಡುಗನಿಗೆ ಏನು ಹೇಳುವುದೆಂಬ ಸಂಕಟ ಅವರಿಗೆ. ಪೊಲೀಸಿಗೆ ದೂರು ಕೊಡಿಸಿದೆವು. ಇದನ್ನು ಬರೆಯುವವರೆಗೆ ಆ ಇಪ್ಪತ್ತು ಸಾವಿರ ಹಿಂದಿರುಗಿಲ್ಲ. ಅವರ ಪಾಲಿಗೆ ಅದು ಸಣ್ಣ ಮೊತ್ತವಲ್ಲ. ಉಳಿದ ಒಂದೂವರೆ ಲಕ್ಷ ಉಳಿಯಿತು ಎಂಬುದಷ್ಟೇ ಸಮಾಧಾನ.

ನವೆಂಬರಿನಲ್ಲಿ, ಎರಡನೆಯ ಕೊಯ್ಲು ಮುಗಿಸಿ, ಅವರು ಮಗನನ್ನು ಸಾಣೇಹಳ್ಳಿಯ ನಾಟಕಕ್ಕೆ ಕರೆದುಕೊಂಡು ಹೋಗಿದ್ದರಂತೆ. ಹುಡುಗ ನಾಟಕ ಮುಗಿದ ಮೇಲೂ ಏಳಲಿಲ್ಲವಂತೆ. ದೀಪ ಆರಿಸುವವರು, ಪರದೆ ಮಡಿಸುವವರು, ಬಣ್ಣ ಒರೆಸಿಕೊಳ್ಳುವವರು, ಇವರನ್ನೆಲ್ಲ ನೋಡುತ್ತಲೇ ಕುಳಿತಿದ್ದನಂತೆ. “ನಾಯಕನ ಪಾರ್ಟು ಮಾಡಿದೋನೇ ಕೊನೆಗೆ ಬೆಂಚು ಹೊತ್ಕೊಂಡು ಹೋದ ಅಪ್ಪಾ” ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದನಂತೆ. ಈ ಮಾತನ್ನು ಸದಸ್ಯರು ಕಚೇರಿಗೆ ಬಂದು ನಮಗೆ ಹೇಳಿದಾಗ ಅವರ ಮುಖದಲ್ಲಿ ಜೂನ್ ತಿಂಗಳ ಕಳವಳ ಇರಲಿಲ್ಲ.

ಆ ಹುಡುಗ ಮುಂದೆ ನಟನಾಗುತ್ತಾನೋ, ತೋಟ ನೋಡಿಕೊಳ್ಳುತ್ತಾನೋ, ಎರಡನ್ನೂ ಮಾಡುತ್ತಾನೋ ನಾವು ಹೇಳಲಾರೆವು. ಈಗ ಆರನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಾನೆ. ಗಣಿತ ಮಾತ್ರ ಸ್ವಲ್ಪ ಕಷ್ಟವಂತೆ. ಸ್ವಾಮಿಗೂ ಹಾಗೇ ಇತ್ತು ಎಂದು ಹೇಳಿ ಕಳಿಸಿದ್ದೇವೆ.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಮಕ್ಕಳ ಹೆಸರಿನಲ್ಲಿ ಇಂಥ ಕರೆ ಯಾರಿಗಾದರೂ ಬಂದರೆ ಹಣ ಕಳಿಸುವ ಮೊದಲು ಕಚೇರಿಗೆ ಒಮ್ಮೆ ಬನ್ನಿ. ಮೋಸ ಹೋದವರು ಸಂಕೋಚಪಟ್ಟು ಮುಚ್ಚಿಡಬೇಡಿ. ನಮ್ಮಲ್ಲಿ ಒಬ್ಬರ ನಷ್ಟ ಇನ್ನೊಬ್ಬರಿಗೆ ಎಚ್ಚರಿಕೆಯಾಗದೆ ಹೋದರೆ ಸಹಕಾರ ಸಂಘ ಎಂಬ ಹೆಸರಿಗೆ ಅರ್ಥವೇನು?